ಉತ್ತರ ಬಾರದಿದ್ದರೆ ಏನರ್ಥ? ಎಐ ಏಜೆಂಟ್‌ಗಳಿಗಾಗಿ ಭದ್ರತಾ ಟೂಲ್‌ಗಳ ಕೈಪಿಡಿ ಬರೆಯುವ ಬಗ್ಗೆ

(ಮಡಿಕೇರಿಯಲ್ಲಿ ಕಾಲೇಜು ವಿದ್ಯಾರ್ಥಿಗಳು, ಸಹಕಾರ ಸಂಘಗಳ ಕಂಪ್ಯೂಟರ್ ನೋಡಿಕೊಳ್ಳುವವರು, ಹೋಂಸ್ಟೇ ನಡೆಸುವವರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನೇರವಾಗಿ ಒಂದು ಉದಾಹರಣೆಯಿಂದ ಶುರು ಮಾಡುತ್ತೇನೆ. ಒಂದು ಸಹಕಾರ ಸಂಘ ಇದೆ ಅಂದುಕೊಳ್ಳಿ. ಮಡಿಕೇರಿಯಲ್ಲಿ ಮುಖ್ಯ ಕಚೇರಿ, ನಾಪೋಕ್ಲಿನಲ್ಲಿ ಒಂದು ಶಾಖೆ, ನಡುವೆ ವಿಪಿಎನ್ ಸಂಪರ್ಕ, ಅಂದರೆ ಇಂಟರ್ನೆಟ್ ಮೇಲೆಯೇ ಹಾಕಿಕೊಂಡ ಖಾಸಗಿ ದಾರಿ. ಶಾಖೆಯ ಕಂಪ್ಯೂಟರ್‌ಗಳಲ್ಲಿ ಬೇಡದ ಪೋರ್ಟ್ (ನೆಟ್‌ವರ್ಕ್‌ನಿಂದ ಒಳಬರುವ ಬಾಗಿಲು) ಏನಾದರೂ ತೆರೆದಿದೆಯಾ ನೋಡು ಅಂತ ಒಂದು ಎಐ ಏಜೆಂಟ್‌ಗೆ ಕೆಲಸ ಕೊಡುತ್ತೀರಿ. ಅದು ಪೋರ್ಟ್‌ಗಳನ್ನು ಹುಡುಕಿ ನೋಡುವ ಎನ್‌ಮ್ಯಾಪ್ ಅನ್ನುವ ಟೂಲ್ ಓಡಿಸುತ್ತದೆ. ಕೊನೆಯ ಸಾಲಿನಲ್ಲಿ ‘0 ಹೋಸ್ಟ್ಸ್ ಅಪ್’ ಅಂತ, ಅಂದರೆ ಆನ್ ಇರುವ ಯಂತ್ರ ಒಂದೂ ಕಾಣಲಿಲ್ಲ ಅಂತ ಬರುತ್ತದೆ. ಪ್ರೋಗ್ರಾಂ ಬಿಟ್ಟುಹೋಗುವ ಎಕ್ಸಿಟ್ ಕೋಡ್ ಕೂಡ 0, ಅಂದರೆ ಎಲ್ಲ ಸರಿಯಾಗಿ ಮುಗಿಯಿತು ಅಂತ. ಏಜೆಂಟ್ ವರದಿ ಬರೆಯುತ್ತದೆ: ಶಾಖೆಯಲ್ಲಿ ಅಪಾಯದ ಪೋರ್ಟ್ ಯಾವುದೂ ತೆರೆದಿಲ್ಲ.

ಇದೇ ಕೆಲಸವನ್ನು ಇಲ್ಲಿಯ ಹುಡುಗ ಒಬ್ಬ ಮಾಡಿದ್ದರೆ? ಮೊದಲು ಕಿಟಕಿಯಿಂದ ಹೊರಗೆ ನೋಡುತ್ತಿದ್ದ. ಕಕ್ಕಡ ತಿಂಗಳ ಮಳೆ ಬಿಡದೆ ಹೊಡೆಯುತ್ತಿದೆ. ನಾಪೋಕ್ಲಿಗೆ ಫೋನ್ ಮಾಡಿ, ‘ಅಣ್ಣ, ಅಲ್ಲಿ ಕರೆಂಟ್ ಉಂಟಾ?’ ಅಂತ ಕೇಳುತ್ತಿದ್ದ. ಕರೆಂಟ್ ಹೋಗಿ ಯುಪಿಎಸ್ ಕೂಡ ಕೈಕೊಟ್ಟಿರಬಹುದು. ಮರ ಬಿದ್ದು ಫೈಬರ್ ಕಡಿದಿರಬಹುದು. ಹಾಗಾಗಿ ಏನೂ ಸಿಗಲಿಲ್ಲ ಅನ್ನುವುದನ್ನು ಅವನು ಎಲ್ಲ ಚೆನ್ನಾಗಿದೆ ಅಂತ ಓದುತ್ತಿರಲಿಲ್ಲ. ಈ ತಿಳಿವಳಿಕೆ ಎನ್‌ಮ್ಯಾಪ್‌ನ ಕೈಪಿಡಿಯಿಂದ ಬಂದದ್ದಲ್ಲ, ಇಲ್ಲಿ ಹತ್ತು ಮಳೆಗಾಲ ಕಳೆದದ್ದರಿಂದ ಬಂದದ್ದು. ಏಜೆಂಟ್ ಒಂದು ಮಳೆಗಾಲವನ್ನೂ ನೋಡಿಲ್ಲ. ಅದರ ಮುಂದೆ ಇರುವುದು ಕೈಪಿಡಿ ಮತ್ತು ಪರದೆಯ ಮೇಲೆ ಬಂದ ಸಾಲುಗಳು, ಅಷ್ಟೇ. ಕೈಪಿಡಿಯಲ್ಲಿ ಬಿಟ್ಟುಹೋದ ಜಾಗವನ್ನು ಅದು ಊಹೆಯಿಂದ ತುಂಬಿಕೊಳ್ಳುತ್ತದೆ. ಇವತ್ತು ನನ್ನ ಮಾತೆಲ್ಲ ಈ ಬಿಟ್ಟುಹೋದ ಜಾಗದ ಬಗ್ಗೆ.

ಏಜೆಂಟ್ ಅನ್ನುವುದು ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಒಂದು ಭಾಷಾ ಮಾದರಿಯ ಕೈಗೆ ಟೂಲ್‌ಗಳನ್ನು ಕೊಟ್ಟು, ಒಂದು ಕೆಲಸ ಹೇಳಿದರೆ, ಅದು ಕೈಪಿಡಿ ಓದಿ ಕಮಾಂಡ್ ಆರಿಸುತ್ತದೆ, ಓಡಿಸುತ್ತದೆ, ಬಂದ ಫಲಿತಾಂಶ ಓದಿ ಮುಂದಿನ ಹೆಜ್ಜೆ ತೀರ್ಮಾನಿಸುತ್ತದೆ. ಕೆಲಸ ಮುಗಿಯುವವರೆಗೆ ಇದೇ ಸುತ್ತು. ಪ್ರತಿ ಹೆಜ್ಜೆಗೂ ಮನುಷ್ಯ ಪಕ್ಕದಲ್ಲಿ ಇರುವುದಿಲ್ಲ.

ಕೊಡಗಿನಲ್ಲಿ ಇದು ಯಾಕೆ ಬೇಕು ಅಂತ ಕೇಳಬಹುದು. ಬೆಂಗಳೂರಿನ ದೊಡ್ಡ ಕಂಪನಿಯಲ್ಲಿ ಭದ್ರತೆಗೇ ಒಂದು ತಂಡ ಇರುತ್ತದೆ. ಏಜೆಂಟ್ ತಪ್ಪು ವರದಿ ಕೊಟ್ಟರೆ ಹಿಡಿಯುವವರು ಇರುತ್ತಾರೆ. ನಮ್ಮಲ್ಲಿ? ಕೃಷಿ ಪತ್ತಿನ ಸಹಕಾರ ಸಂಘಗಳನ್ನೇ ನೋಡಿ. ದೇಶದ 63,000 ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಕಂಪ್ಯೂಟರ್ ಬಂತು, ನೆಟ್‌ವರ್ಕ್ ಬಂತು. ಅದನ್ನು ಕಾಯುವುದಕ್ಕೇ ಅಂತ ಒಬ್ಬರನ್ನು ಇಟ್ಟುಕೊಳ್ಳುವ ಶಕ್ತಿ ಸಣ್ಣ ಸಂಘಕ್ಕೆ ಎಲ್ಲಿಂದ ಬರಬೇಕು? ಹೋಂಸ್ಟೇ, ಕಾಫಿ ಕ್ಯೂರಿಂಗ್ ವರ್ಕ್ಸ್, ಸಣ್ಣ ಶಾಲೆ, ಎಲ್ಲ ಕಡೆ ಇದೇ ಕಥೆ. ಜನ ಕಮ್ಮಿ ಇರುವ ಕಡೆಯೇ ಏಜೆಂಟ್‌ಗಳ ಮೇಲೆ ಜಾಸ್ತಿ ಭಾರ ಬೀಳುತ್ತದೆ. ಅದು ತಪ್ಪಿದರೆ ಹಿಡಿಯುವವರೂ ಇಲ್ಲೇ ಕಮ್ಮಿ. ಹಾಗಾಗಿ ಕೈಪಿಡಿ ಸರಿಯಾಗಿರುವುದು ನಮಗೆ ಬೇರೆಯವರಿಗಿಂತ ಜಾಸ್ತಿ ಮುಖ್ಯ.

ಆ ‘0 ಹೋಸ್ಟ್ಸ್ ಅಪ್’ಗೆ ವಾಪಸ್ ಬರೋಣ. ಎನ್‌ಮ್ಯಾಪ್ ಪೋರ್ಟ್ ನೋಡುವ ಮೊದಲು ಆ ಯಂತ್ರ ಜೀವಂತ ಇದೆಯಾ ಅಂತ ತಟ್ಟಿ ನೋಡುತ್ತದೆ. ಅಡ್ಮಿನ್ ಹಕ್ಕಿನಿಂದ ಓಡಿಸಿದರೆ, ಐಸಿಎಂಪಿ ಪಿಂಗ್ (‘ಇದ್ದೀಯಾ’ ಅಂತ ಕೇಳುವ ಸಣ್ಣ ಸಂದೇಶ) ಜೊತೆಗೆ ವೆಬ್‌ಸೈಟ್‌ಗಳು ಬಳಸುವ 80 ಮತ್ತು 443ನೇ ಪೋರ್ಟ್‌ಗಳಿಗೂ ಒಂದೊಂದು ಪ್ಯಾಕೆಟ್ ಕಳಿಸುತ್ತದೆ. ಯಾವುದಕ್ಕೂ ಉತ್ತರ ಬರದಿದ್ದರೆ, ಯಂತ್ರ ಇಲ್ಲ ಅಂದುಕೊಂಡು ಪೋರ್ಟ್‌ಗಳನ್ನು ಮುಟ್ಟುವುದೇ ಇಲ್ಲ. ಫೈರ್‌ವಾಲ್ ಹಾಕಿದ ಎಷ್ಟೋ ವಿಂಡೋಸ್ ಯಂತ್ರಗಳು ಪಿಂಗ್‌ಗೆ ಉತ್ತರ ಕೊಡುವುದಿಲ್ಲ. ಅಂದರೆ ಯಂತ್ರ ಆನ್ ಇದೆ, ಅದರಲ್ಲಿ ತೆರೆದ ಪೋರ್ಟ್ ಕೂಡ ಇದೆ, ಆದರೂ ವರದಿಯಲ್ಲಿ ಸೊನ್ನೆ. ತಟ್ಟುವುದನ್ನು ಬಿಟ್ಟು ನೇರ ಪೋರ್ಟ್ ನೋಡಲು ‘-ಪಿಎನ್’ ಅನ್ನುವ ಸ್ವಿಚ್ (ಕಮಾಂಡ್ ಜೊತೆ ಸೇರಿಸುವ ಸೂಚನೆ) ಇದೆ. ಆ ಸೂಚನೆಯನ್ನು ಎನ್‌ಮ್ಯಾಪ್ ಪರದೆಯ ಮೇಲೆ ತೋರಿಸುತ್ತದೆ ಕೂಡ. ಆದರೆ ಏಜೆಂಟ್‌ಗೆ ಫಲಿತಾಂಶ ಒಪ್ಪಿಸುವ ಮಧ್ಯದ ಪ್ರೋಗ್ರಾಂ ಅದನ್ನು ಕತ್ತರಿಸಿ, ಬರೀ ತೆರೆದ ಪೋರ್ಟ್‌ಗಳ ಪಟ್ಟಿ ಕೊಟ್ಟರೆ ಸೂಚನೆ ಅಲ್ಲೇ ಸತ್ತಿತು.

ಇನ್ನೂ ಒಳಗೆ ಹೋದರೆ, ಎನ್‌ಮ್ಯಾಪ್ ಒಂದು ಪೋರ್ಟ್‌ಗೆ ಆರು ಸ್ಥಿತಿಗಳನ್ನು ಹೇಳುತ್ತದೆ. ಅದರಲ್ಲಿ ‘ಕ್ಲೋಸ್ಡ್’ ಅಂದರೆ ಆ ಕಡೆ ಯಂತ್ರ ಇದೆ, ಇಲ್ಲಿ ಯಾರೂ ಕೇಳುತ್ತಿಲ್ಲ ಅಂತ ಅದೇ ಉತ್ತರ ಕೊಟ್ಟಿದೆ. ‘ಫಿಲ್ಟರ್ಡ್’ ಅಂದರೆ ಹೆಚ್ಚಿನ ಸಲ ಉತ್ತರವೇ ಬಂದಿಲ್ಲ. ಎರಡರ ನಡುವೆ ಆಕಾಶ ಭೂಮಿಯ ವ್ಯತ್ಯಾಸ ಇದೆ. ಕ್ಲೋಸ್ಡ್ ಒಂದು ಸಾಕ್ಷಿ. ಫಿಲ್ಟರ್ಡ್‌ನಲ್ಲಿ ಸಾಕ್ಷಿ ಏನೂ ಇಲ್ಲ. ವಿಪಿಎನ್ ಹೋಗಿಬಂದು ಮಾಡುತ್ತಿದ್ದರೂ ಫಿಲ್ಟರ್ಡ್ ಅಂತಲೇ ಬರಬಹುದು. ಇದುವರೆಗೆ ಹೇಳಿದ್ದು ಟಿಸಿಪಿಯ ಮಾತು, ಅಲ್ಲಿ ಎರಡೂ ಕಡೆ ಒಪ್ಪಿಕೊಂಡ ಮೇಲೆಯೇ ಸಂಪರ್ಕ ಶುರು. ಹಾಗೆ ಒಪ್ಪಿಗೆ ಕೇಳದೆ ಪ್ಯಾಕೆಟ್ ಕಳಿಸಿಬಿಡುವ ಯುಡಿಪಿಯಲ್ಲಂತೂ ಇನ್ನೂ ಕಷ್ಟ. ಅಲ್ಲಿ ಉತ್ತರ ಬಾರದಿದ್ದರೆ ಎನ್‌ಮ್ಯಾಪ್ ‘ಓಪನ್ ಅಥವಾ ಫಿಲ್ಟರ್ಡ್’ ಅಂತ ಹೇಳುತ್ತದೆ, ಯಾಕೆಂದರೆ ತೆರೆದ ಯುಡಿಪಿ ಪೋರ್ಟ್ ಕೂಡ ಸುಮ್ನೆ ಇರಬಹುದು. ಒಂದೇ ಮೌನ, ಟಿಸಿಪಿಯಲ್ಲಿ ಒಂದು ಅರ್ಥ, ಯುಡಿಪಿಯಲ್ಲಿ ಇನ್ನೊಂದು.

ಇದನ್ನು ಏಜೆಂಟ್ ಓದುವ ಕೈಪಿಡಿಯಲ್ಲಿ ನಾನು ಹೀಗೆ ಬರೆಯುತ್ತೇನೆ:

“ಫಲಿತಾಂಶದಲ್ಲಿ 0 ಹೋಸ್ಟ್ಸ್ ಅಪ್ ಅಂತ ಬಂದರೆ ಯಾವ ಪೋರ್ಟನ್ನೂ ಪರೀಕ್ಷೆ ಮಾಡಿಲ್ಲ ಎಂದು ಅರ್ಥ. ಪೋರ್ಟ್‌ಗಳು ಮುಚ್ಚಿವೆ ಎಂದು ಬರೆಯಬೇಡ. ಕಾರಣ ನಾಲ್ಕರಲ್ಲಿ ಒಂದಿರಬಹುದು: ಯಂತ್ರ ಆಫ್ ಆಗಿದೆ, ಫೈರ್‌ವಾಲ್ ಉತ್ತರ ತಡೆದಿದೆ, ನಡುವಿನ ಸಂಪರ್ಕ ಕಡಿದಿದೆ, ವಿಳಾಸ ತಪ್ಪಾಗಿದೆ. ಮೊದಲು ಶಾಖೆಯ ರೂಟರ್‌ಗೆ ಪಿಂಗ್ ಮಾಡು. ರೂಟರ್ ಉತ್ತರ ಕೊಡದಿದ್ದರೆ ಅಲ್ಲಿಗೇ ನಿಲ್ಲಿಸಿ, ಸಂಪರ್ಕ ಇಲ್ಲ, ಪರೀಕ್ಷೆ ಆಗಿಲ್ಲ ಎಂದು ವರದಿ ಮಾಡು. ಉತ್ತರ ಕೊಟ್ಟರೆ ಪಿಎನ್ ಸ್ವಿಚ್ ಹಾಕಿ ಒಮ್ಮೆ ಮಾತ್ರ ಮತ್ತೆ ಓಡಿಸು.”

ನೋಡಿ, ಇದರಲ್ಲಿ ಹೊಸ ವಿದ್ಯೆ ಏನೂ ಇಲ್ಲ. ಆ ಹುಡುಗನ ತಲೆಯಲ್ಲಿದ್ದದ್ದನ್ನು ಕಾಗದಕ್ಕೆ ಇಳಿಸಿದೆ. ‘ಒಮ್ಮೆ ಮಾತ್ರ’ ಅನ್ನುವುದು ಕೂಡ ಬೇಕು. ಹಾಗೆ ಹೇಳದಿದ್ದರೆ ಕೆಲವು ಏಜೆಂಟ್‌ಗಳು ಬೇರೆ ಬೇರೆ ಸ್ವಿಚ್ ಹಾಕಿ ಮತ್ತೆ ಮತ್ತೆ ಪ್ರಯತ್ನ ಮಾಡುತ್ತಲೇ ಇರುತ್ತವೆ.

ಹಳೆಯ ಕೈಪಿಡಿಗಳನ್ನು ಬೈಯಲು ನಾನು ಬಂದಿಲ್ಲ. ಯುನಿಕ್ಸ್‌ನ ಮೊದಲ ಕೈಪಿಡಿ 1971ರ ನವೆಂಬರ್‌ನಲ್ಲಿ ಬಂತು. ಅದರಲ್ಲಿ ಕಮಾಂಡ್‌ನ ದೋಷಗಳನ್ನು ಹೇಳಲಿಕ್ಕೇ ‘ಬಗ್ಸ್’ ಅನ್ನುವ ಭಾಗ ಇತ್ತು. ತಾನು ಮಾಡಿದ ಸಾಮಾನಿನ ಕೊರತೆಯನ್ನು ತಾನೇ ಬರೆದಿಡುವ ಆ ಪ್ರಾಮಾಣಿಕತೆ ನನಗೆ ಇವತ್ತಿಗೂ ಇಷ್ಟ. 1988ರ ಹೊತ್ತಿಗೆ, ನೆಟ್‌ವರ್ಕ್‌ನಲ್ಲಿ ಓಡಾಡುವ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಟಿಸಿಪಿಡಂಪ್ ಬಂತು. 1997ರಲ್ಲಿ ಎನ್‌ಮ್ಯಾಪ್, 1998ರಲ್ಲಿ ಪ್ಯಾಕೆಟ್ ಹಿಡಿಯುವ ಇನ್ನೊಂದು ಟೂಲ್, ಈಗ ವೈರ್‌ಶಾರ್ಕ್ ಅನ್ನುವ ಈಥರಿಯಲ್. ಇವುಗಳ ಕೈಪಿಡಿಗಳು ಒಳ್ಳೆಯ ಕೈಪಿಡಿಗಳೇ. ಆದರೆ ಓದುವವನಿಗೆ ನೆಟ್‌ವರ್ಕ್ ಗೊತ್ತು, ಅನುಮಾನ ಬಂದರೆ ಕೈ ತಡೆಯುತ್ತಾನೆ ಅಂತ ನಂಬಿ ಬರೆದವು.

ನಮ್ಮ ಊರಿನಲ್ಲೇ ಒಂದು ಒಳ್ಳೆಯ ಕೈಪಿಡಿಯ ಮಾದರಿ ಇದೆ. ಮಳೆಗೆ ಮೊದಲು ತೋಟಕ್ಕೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುತ್ತೀರಲ್ಲ, ಆ ಚೀಟಿ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಐವತ್ತೈವತ್ತು ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಬೇಕು. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಸುರಿಯುವಾಗ ಕಲಕುತ್ತಾ ಇರಬೇಕು. ಕಬ್ಬಿಣದ ಪಾತ್ರೆ ಬೇಡ. ಕೊನೆಗೆ ಉಜ್ಜಿದ ಚಾಕು ಅದ್ದಿ ನೋಡಬೇಕು. ಚಾಕುವಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಅಳತೆ ಇದೆ, ಕ್ರಮ ಇದೆ, ಮಾಡಬಾರದ್ದು ಇದೆ, ಸರಿಯಾಯಿತಾ ಅಂತ ನೋಡುವ ಪರೀಕ್ಷೆ ಇದೆ, ಸರಿಯಾಗದಿದ್ದರೆ ಏನು ಮಾಡಬೇಕು ಅನ್ನುವುದೂ ಇದೆ. ತೋಟಕ್ಕೆ ನಿನ್ನೆ ಬಂದ ರೈಟರ್ (ಲೆಕ್ಕ, ಕೆಲಸ ನೋಡಿಕೊಳ್ಳುವವನು) ಕೂಡ ಈ ಚೀಟಿ ಇಟ್ಟುಕೊಂಡು ಕೆಲಸ ಮಾಡಿಸಬಹುದು. ಭದ್ರತಾ ಟೂಲ್‌ಗಳ ಕೈಪಿಡಿಯಲ್ಲಿ ಅಳತೆ, ಕ್ರಮ ಸಿಗುತ್ತದೆ. ಚಾಕು ಅದ್ದಿ ನೋಡುವ ಭಾಗ ಸಿಗುವುದು ಅಪರೂಪ.

ಇನ್ನೊಂದು ಕಮಾಂಡ್ ಹತ್ತಿರದಿಂದ ನೋಡೋಣ. ಲಿನಕ್ಸ್‌ನಲ್ಲಿ ಫೈರ್‌ವಾಲ್‌ನ ರೂಲ್‌ಗಳನ್ನು ಹಾಕುವ ಐಪಿಟೇಬಲ್ಸ್‌ನ ದೊಡ್ಡಕ್ಷರದ ‘-ಎಫ್’. ಮ್ಯಾನ್ ಪುಟದಲ್ಲಿ, ಅಂದರೆ ಟೂಲ್ ಜೊತೆಗೇ ಬರುವ ಕೈಪಿಡಿಯಲ್ಲಿ, ಅದಕ್ಕೆ ಸಿಗುವ ವಿವರಣೆ ತೀರಾ ಚಿಕ್ಕದು: ಆಯ್ದ ಚೈನ್‌ನ (ಒಂದರ ಹಿಂದೆ ಒಂದಾಗಿ ನೋಡುವ ರೂಲ್‌ಗಳ ಸಾಲಿನ) ರೂಲ್‌ಗಳನ್ನು ಖಾಲಿ ಮಾಡುತ್ತದೆ, ಚೈನ್ ಹೇಳದಿದ್ದರೆ ಟೇಬಲ್‌ನ ಎಲ್ಲ ಚೈನ್‌ಗಳನ್ನೂ ಖಾಲಿ ಮಾಡುತ್ತದೆ, ಒಂದೊಂದೇ ರೂಲ್ ಅಳಿಸಿದ ಹಾಗೆ. ಎಲ್ಲ ನಿಜವೇ. ಆದರೆ ಚೈನ್‌ನ ಡೀಫಾಲ್ಟ್ ಪಾಲಿಸಿ (ಯಾವ ರೂಲ್‌ಗೂ ಹೊಂದದ ಪ್ಯಾಕೆಟನ್ನು ಬಿಡಬೇಕಾ, ತಡೆಯಬೇಕಾ ಅನ್ನುವುದು) ಹಾಗೇ ಉಳಿಯುತ್ತದೆ ಅನ್ನುವುದು ಆ ಜಾಗದಲ್ಲಿ ಇಲ್ಲ. ಇದರ ಪರಿಣಾಮ ಏನು ಗೊತ್ತಾ? ಒಳಬರುವ ಚೈನ್‌ನ ಪಾಲಿಸಿ ‘ಡ್ರಾಪ್’ ಆಗಿದ್ದರೆ, ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಒಳಬಿಡುವ ರೂಲ್ ಕೂಡ ಅಳಿಸಿ, ನಿಮ್ಮ ಸಂಪರ್ಕ ಆ ಕ್ಷಣ ಕಡಿಯುತ್ತದೆ. ಪಾಲಿಸಿ ‘ಅಕ್ಸೆಪ್ಟ್’ ಆಗಿದ್ದರೆ, ತಡೆಯುವ ರೂಲ್‌ಗಳೆಲ್ಲ ಹೋಗಿ ಸರ್ವರ್ ಬಾಗಿಲು ಹಾರುಹೊಡೆದು ನಿಲ್ಲುತ್ತದೆ. ಒಂದೇ ಕಮಾಂಡ್, ಎರಡು ಯಂತ್ರಗಳಲ್ಲಿ ಪೂರ್ತಿ ವಿರುದ್ಧ ಫಲ. ಎರಡರಲ್ಲೂ ಎಕ್ಸಿಟ್ ಕೋಡ್ 0.

ಸಂಪರ್ಕ ಕಡಿದರೆ ಬೆಂಗಳೂರಿನಲ್ಲಿ ಯಾರೋ ಡೇಟಾ ಸೆಂಟರ್‌ಗೆ ಫೋನ್ ಮಾಡುತ್ತಾರೆ. ಇಲ್ಲಿ ಭಾಗಮಂಡಲದ ಶಾಖೆಯ ರೂಟರ್ ಬೀಗ ಹಾಕಿಕೊಂಡರೆ, ಆ ಮಳೆಯಲ್ಲಿ ಯಾರಾದರೂ ಜೀಪು ಹತ್ತಿ ಹೋಗಬೇಕು. ಹಾಗಾಗಿ ಇಂಥ ಕಮಾಂಡ್‌ನ ಕೈಪಿಡಿಯಲ್ಲಿ ಇವೆಲ್ಲ ಕಮಾಂಡ್‌ನ ಪಕ್ಕದಲ್ಲೇ ಇರಬೇಕು:

“ಇದು ಚಾಲ್ತಿಯಲ್ಲಿರುವ ಫೈರ್‌ವಾಲ್ ಬದಲಿಸುತ್ತದೆ. ತಾನಾಗಿ ಹಿಂದಕ್ಕೆ ಬರುವುದಿಲ್ಲ. ಓಡಿಸುವ ಮೊದಲು ದೊಡ್ಡಕ್ಷರದ ಎಸ್ ಸ್ವಿಚ್‌ನಿಂದ ಈಗಿನ ಪಾಲಿಸಿ ನೋಡು. ಒಳಬರುವ ಪಾಲಿಸಿ ಡ್ರಾಪ್ ಆಗಿದ್ದು, ನೀನು ದೂರದಿಂದ ಸಂಪರ್ಕಿಸಿದ್ದರೆ, ಓಡಿಸಬೇಡ. ಈಗಿನ ರೂಲ್‌ಗಳನ್ನು ಐಪಿಟೇಬಲ್ಸ್ ಸೇವ್‌ನಿಂದ ಒಂದು ಫೈಲ್‌ಗೆ ಇಳಿಸಿಕೋ, ಆ ಫೈಲ್ ಖಾಲಿ ಇಲ್ಲವೆಂದು ನೋಡು. ಜವಾಬ್ದಾರಿ ಇರುವವರ ಒಪ್ಪಿಗೆ ಬಂದ ಮೇಲೆ ಮುಂದುವರಿ. ಮುಗಿದ ಮೇಲೆ ಬೇರೆ ಯಂತ್ರದಿಂದ ಹೊಸ ಸಂಪರ್ಕ ಮಾಡಿ ನೋಡು. ಈಗಾಗಲೇ ತೆರೆದಿರುವ ಸಂಪರ್ಕ ಕೆಲಸ ಮಾಡುವುದನ್ನು ಪುರಾವೆ ಎಂದು ಎಣಿಸಬೇಡ.”

ಪಕ್ಕದಲ್ಲೇ ಇರಬೇಕು ಅಂದೆ. ಅದಕ್ಕೆ ಕಾರಣ ಇದೆ. ಮನುಷ್ಯ ಕೈಪಿಡಿಯನ್ನು ಒಮ್ಮೆ ಮೊದಲಿಂದ ಓದಿ, ಎಚ್ಚರಿಕೆಗಳನ್ನು ನೆನಪಿಟ್ಟುಕೊಳ್ಳುತ್ತಾನೆ. ಏಜೆಂಟ್ ಬಹಳ ಸಲ ಹುಡುಕಿ ತನಗೆ ಬೇಕಾದ ತುಂಡನ್ನು ಮಾತ್ರ ಎತ್ತಿಕೊಳ್ಳುತ್ತದೆ. ಒಂಬತ್ತನೇ ಅಧ್ಯಾಯದಲ್ಲಿ ನೀವು ಬರೆದ ಎಚ್ಚರಿಕೆ ಅದರ ಕಣ್ಣಿಗೆ ಬೀಳುವುದೇ ಇಲ್ಲ. ‘ಮೇಲೆ ಹೇಳಿದಂತೆ’ ಅಂತ ಬರೆದರೆ ಆ ತುಂಡಿನಲ್ಲಿ ಮೇಲೆ ಅನ್ನುವುದೇ ಇರುವುದಿಲ್ಲ. ಒಂದೊಂದು ತುಂಡೂ ತನ್ನ ಕಾಲ ಮೇಲೆ ನಿಲ್ಲಬೇಕು. ಹಾಗೆ ಮಾಡಿದರೆ ಅದದೇ ಮಾತು ಮತ್ತೆ ಮತ್ತೆ ಬರುತ್ತದೆ, ಬರಲಿ.

ಇನ್ನು ಕೆಲವನ್ನು ಬೇಗ ಹೇಳಿಬಿಡುತ್ತೇನೆ. ವೈರ್‌ಶಾರ್ಕ್‌ನ ಕಮಾಂಡ್ ರೂಪವಾದ ಟಿಶಾರ್ಕ್, ಟಿಸಿಪಿಡಂಪ್ ಮುಂತಾದವು ನಿಲ್ಲಿಸು ಅಂತ ಹೇಳುವವರೆಗೆ ಓಡುತ್ತಲೇ ಇರುತ್ತವೆ. ಮನುಷ್ಯ ಕಂಟ್ರೋಲ್-ಸಿ ಒತ್ತುತ್ತಾನೆ, ಏಜೆಂಟ್ ಕಾಯುತ್ತಾ ಕೂರುತ್ತದೆ. ಹಾಗಾಗಿ ಪ್ರತಿ ಉದಾಹರಣೆಯಲ್ಲೂ ‘-ಸಿ’ ಹಾಕಿ ಎಷ್ಟು ಪ್ಯಾಕೆಟ್ ಅಂತ ಹೇಳಿ. ಟಿಶಾರ್ಕ್‌ನಲ್ಲಿ ಹಿಡಿಯುವಾಗಿನ ಫಿಲ್ಟರ್‌ಗೆ ಒಂದು ಬರವಣಿಗೆ, ತೋರಿಸುವಾಗಿನ ಫಿಲ್ಟರ್‌ಗೆ ಇನ್ನೊಂದು ಬರವಣಿಗೆ. ಎರಡನ್ನೂ ಒಂದೇ ಕಡೆ ಜೋಡಿಯಾಗಿ ತೋರಿಸಿ. ಎನ್‌ಮ್ಯಾಪ್‌ಗೆ ಅಡ್ಮಿನ್ ಹಕ್ಕು ಇದ್ದರೆ ಒಂದು ಬಗೆಯ ಸ್ಕ್ಯಾನ್, ಇಲ್ಲದಿದ್ದರೆ ಇನ್ನೊಂದು ಬಗೆ, ಕಮಾಂಡ್ ಮಾತ್ರ ಅದೇ. ಫೈಲ್‌ನಲ್ಲಿ ಪದ ಹುಡುಕುವ ಗ್ರೆಪ್‌ನ ಎಕ್ಸಿಟ್ ಕೋಡ್ 1 ಅಂದರೆ ಸಿಗಲಿಲ್ಲ ಅಂತ, ಕೆಟ್ಟಿತು ಅಂತಲ್ಲ. ಕೆಟ್ಟರೆ 2. ನೆಟ್‌ವರ್ಕ್‌ನಲ್ಲಿ ದಾಳಿ ಗುರುತಿಸುವ ಸುರಿಕಾಟಾದ ಎಚ್ಚರಿಕೆಗಳಲ್ಲಿ ತೀವ್ರತೆ 1 ಅಂದರೆ ಎಲ್ಲಕ್ಕಿಂತ ಗಂಭೀರ. ಭದ್ರತಾ ದೋಷಗಳಿಗೆ ಕೊಡುವ ಸಿವಿಎಸ್‌ಎಸ್ ಅಂಕದಲ್ಲಿ 10 ಎಲ್ಲಕ್ಕಿಂತ ಗಂಭೀರ. ಅಳತೆ ಯಾವ ಕಡೆಗೆ ಏರುತ್ತದೆ ಅಂತ ಒಂದು ಸಾಲು ಬರೆಯದಿದ್ದರೆ ಏಜೆಂಟ್ ದೊಡ್ಡದನ್ನು ಬಿಟ್ಟು ಸಣ್ಣದರ ಹಿಂದೆ ಹೋಗಬಹುದು.

ಉದಾಹರಣೆಯ ವಿಳಾಸಗಳ ಬಗ್ಗೆ ಮಾತ್ರ ಸ್ವಲ್ಪ ನಿಲ್ಲುತ್ತೇನೆ. ಕೈಪಿಡಿಯಲ್ಲಿ ಸುಮ್ನೆ ಒಂದು ವಿಳಾಸ ಬರೆದುಬಿಡುತ್ತೇವೆ. ಓದುವವನು ತನ್ನ ವಿಳಾಸ ಹಾಕಿಕೊಳ್ಳುತ್ತಾನೆ ಅಂತ ನಂಬಿಕೆ. ಏಜೆಂಟ್ ಕೆಲವೊಮ್ಮೆ ಉದಾಹರಣೆಯನ್ನು ಹಾಗೇ ಎತ್ತಿ ಓಡಿಸಿಬಿಡುತ್ತದೆ. ಆ ವಿಳಾಸ ನಿಜವಾಗಿ ಯಾರದ್ದೋ ಆಗಿದ್ದರೆ, ನಿಮ್ಮ ಸಂಘದ ಹೆಸರಿನಲ್ಲಿ ಅವರ ಯಂತ್ರದ ಮೇಲೆ ಸ್ಕ್ಯಾನ್ ಆಯಿತು. ಇದಕ್ಕೆ ಪರಿಹಾರ ಯಾವತ್ತೋ ಇದೆ. 2010ರ ಆರ್‌ಎಫ್‌ಸಿ 5737 ಅನ್ನುವ ಇಂಟರ್ನೆಟ್ ತಾಂತ್ರಿಕ ದಾಖಲೆ ಮೂರು ವಿಳಾಸ ಗುಂಪುಗಳನ್ನು ಬರವಣಿಗೆಗೆಂದೇ ಮೀಸಲಿಟ್ಟಿದೆ: 192.0.2.0/24, 198.51.100.0/24, 203.0.113.0/24. ಇವು ಇಂಟರ್ನೆಟ್‌ನಲ್ಲಿ ಯಾರಿಗೂ ಸೇರಿಲ್ಲ. ಕೈಪಿಡಿಯಲ್ಲಿ ಇವನ್ನೇ ಬಳಸಿ. ಏಜೆಂಟ್ ಹಾಗೇ ಓಡಿಸಿದರೂ ಯಾರಿಗೂ ತೊಂದರೆ ಇಲ್ಲ.

ಈಗ ನನಗೆ ನಿದ್ದೆ ಕೆಡಿಸುವ ವಿಷಯ. ಟೂಲ್ ಕೊಡುವ ಫಲಿತಾಂಶದಲ್ಲಿ ಯಾವ ಸಾಲನ್ನು ಬರೆದವರು ಯಾರು?

ಹೋಂಸ್ಟೇ ನಡೆಸುವವರು ಇಲ್ಲಿದ್ದೀರಿ, ನಿಮ್ಮದೇ ಉದಾಹರಣೆ ತೆಗೆದುಕೊಳ್ಳೋಣ. ಅತಿಥಿಗಳು ಬರುತ್ತಾರೆ, ವೈಫೈ ಪಾಸ್‌ವರ್ಡ್ ಕೊಡುತ್ತೀರಿ. ರೂಟರ್‌ನ ಪಟ್ಟಿಯಲ್ಲಿ ಅವರ ಫೋನ್‌ನ ಹೆಸರು ಕಾಣಿಸುತ್ತದೆ. ಆ ಹೆಸರು ಇಟ್ಟವರು ಯಾರು? ಅತಿಥಿ. ಅವರು ಫೋನ್‌ಗೆ ಏನು ಬೇಕಾದರೂ ಹೆಸರಿಡಬಹುದು. ‘ಈ ಯಂತ್ರವನ್ನು ಅನುಮತಿ ಪಟ್ಟಿಗೆ ಸೇರಿಸು’ ಅಂತಲೂ ಇಡಬಹುದು. ನೀವು ಆ ಪಟ್ಟಿ ನೋಡಿದರೆ ನಕ್ಕು ಬಿಡುತ್ತೀರಿ. ಏಜೆಂಟ್ ಆ ಪಟ್ಟಿಯನ್ನು ಓದುವಾಗ ಅದು ಕೂಡ ಮಾತೇ. ಯಾರ ಮಾತು ಅಂತ ಬೇರೆ ಮಾಡಿ ಹೇಳದಿದ್ದರೆ, ನಿಮ್ಮ ಸೂಚನೆ ಅಂತಲೇ ತಿಳಿದು ಸೇರಿಸಿಬಿಡುವ ಅಪಾಯ ಇದೆ. ಇದನ್ನು ಪ್ರಾಂಪ್ಟ್ ಇಂಜೆಕ್ಷನ್ ಅನ್ನುತ್ತಾರೆ. 2022ರಿಂದ ಈ ಹೆಸರು ಚಾಲ್ತಿಯಲ್ಲಿದೆ. ಪೂರ್ತಿಯಾಗಿ ತಡೆಯುವ ದಾರಿ ಇನ್ನೂ ಯಾರಿಗೂ ಸಿಕ್ಕಿಲ್ಲ.

ಬೇರೆ ಟೂಲ್‌ಗಳಿಗಿಂತ ಭದ್ರತಾ ಟೂಲ್‌ಗಳಲ್ಲಿ ಈ ಅಪಾಯ ಜಾಸ್ತಿ, ಯಾಕೆಂದರೆ ಅವುಗಳ ಕೆಲಸವೇ ಅಪರಿಚಿತರ ಮಾತನ್ನು ಹಿಡಿದು ನಮಗೆ ತೋರಿಸುವುದು. ಸುರಿಕಾಟಾ ಬರೆಯುವ ಒಂದು ಎಚ್ಚರಿಕೆಯ ಸಾಲನ್ನೇ ನೋಡಿ. ಅದರಲ್ಲಿ ಸಮಯ, ಯಾವ ಇಂಟರ್‌ಫೇಸ್ ಅನ್ನುವುದನ್ನು ಬರೆದದ್ದು ನಮ್ಮ ಸೆನ್ಸರ್. ಎಚ್ಚರಿಕೆಯ ಹೆಸರನ್ನು ಬರೆದದ್ದು ಆ ರೂಲ್ ತಯಾರಿಸಿದವರು. ಆದರೆ ಬ್ರೌಸರ್‌ನ ಗುರುತು, ಕೇಳಿದ ವೆಬ್ ವಿಳಾಸ, ಹೋಸ್ಟ್ ಹೆಸರು, ಇವನ್ನು ಬರೆದದ್ದು ಆ ಕಡೆಯವರು, ದಾಳಿ ಮಾಡುತ್ತಿರುವವರೇ ಆಗಿರಬಹುದು. ಒಂದೇ ಸಾಲಿನಲ್ಲಿ ಮೂವರ ಕೈಬರಹ. ಫೀಲ್ಡ್‌ಗಳ ವಿವರಣೆ ಬರೆಯುವಾಗ ಅದರ ಬಗೆ, ಉದ್ದ, ಉದಾಹರಣೆ ಎಲ್ಲ ಕೊಡುತ್ತೇವೆ. ಇದನ್ನು ಬರೆದವರು ಯಾರು ಅನ್ನುವ ಒಂದು ಕಾಲಂ ಸೇರಿಸಿ ಅಂತ ನಾನು ಎಲ್ಲರ ಹತ್ತಿರ ಕೇಳಿಕೊಳ್ಳುತ್ತಿದ್ದೇನೆ. ಎಸ್‌ಎಸ್‌ಎಚ್ ಬ್ಯಾನರ್ (ಸಂಪರ್ಕವಾದಾಗ ಆ ಕಡೆಯ ಯಂತ್ರ ತೋರಿಸುವ ಸಾಲು), ಡಿಎನ್‌ಎಸ್‌ನ ಟಿಎಕ್ಸ್‌ಟಿ ದಾಖಲೆ (ವೆಬ್ ಹೆಸರಿನ ಜೊತೆ ಅದರ ಮಾಲೀಕರು ಇಡುವ ಟಿಪ್ಪಣಿ), ಸರ್ಟಿಫಿಕೇಟ್‌ನ ಹೆಸರು, ಪಕ್ಕದಲ್ಲಿ ಕಾಣುವ ವೈಫೈ ಹೆಸರು, ಎಲ್ಲದಕ್ಕೂ ಇದು ಬೇಕು. ಆ ಕಾಲಂ ನೋಡಿಕೊಂಡು ಮಧ್ಯದ ಪ್ರೋಗ್ರಾಂ ಬರೆಯುವವರು ಅಪರಿಚಿತರ ಪಠ್ಯವನ್ನು ಬೇರೆಯಾಗಿ ಗುರುತು ಹಾಕಿ ಒಪ್ಪಿಸಬಹುದು.

ಕೈಪಿಡಿಯಲ್ಲಿ ಬರೆದರೆ ಮಾತ್ರ ಸಾಕಾ? ಸಾಲದು. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಅನ್ನು ಈಗ ಬಹಳ ಜನ ಬಳಸುತ್ತಾರೆ. ಅದರಲ್ಲಿ ಪ್ರತಿ ಟೂಲ್‌ಗೂ ಹೆಸರು, ವಿವರಣೆ, ಒಳಹರಿವಿನ ಸ್ವರೂಪ ಕೊಡುತ್ತಾರೆ. ಜೊತೆಗೆ ಇದು ಓದುವ ಟೂಲ್ ಮಾತ್ರವಾ, ಹಾಳು ಮಾಡಬಲ್ಲದ್ದಾ, ಎರಡು ಸಲ ಓಡಿಸಿದರೆ ಫಲ ಬದಲಾಗುತ್ತದಾ ಅನ್ನುವ ಸುಳಿವುಗಳನ್ನೂ ಹಾಕಬಹುದು. ಒಳ್ಳೆಯ ಏರ್ಪಾಡು. ಆದರೆ ಅವು ಸುಳಿವುಗಳು ಮಾತ್ರ, ಬೀಗ ಅಲ್ಲ. ನಂಬಿಕೆ ಇಲ್ಲದ ಕಡೆಯಿಂದ ಬಂದ ಸುಳಿವನ್ನು ನಂಬಬೇಡಿ ಅಂತ ಆ ಪ್ರೋಟೊಕಾಲ್‌ನಲ್ಲೇ ಹೇಳಿದೆ. ಫೈರ್‌ವಾಲ್ ಬದಲಿಸಬಾರದು ಅಂತಿದ್ದರೆ ಏಜೆಂಟ್‌ನ ಖಾತೆಗೆ ಆ ಹಕ್ಕನ್ನೇ ಕೊಡಬೇಡಿ. ಹಕ್ಕನ್ನು ಅಡ್ಮಿನ್ ಕಾಯಬೇಕು, ಕೈಪಿಡಿ ಒಳ್ಳೆಯ ತೀರ್ಮಾನಕ್ಕೆ ಸಹಾಯ ಮಾಡಬೇಕು. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಕಾನೂನಿನ ಮಾತೂ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಸೆಕ್ಷನ್ 43, ಮಾಲೀಕರ ಅಥವಾ ಉಸ್ತುವಾರಿ ಇರುವವರ ಅನುಮತಿ ಇಲ್ಲದೆ ಇನ್ನೊಬ್ಬರ ಕಂಪ್ಯೂಟರ್, ನೆಟ್‌ವರ್ಕ್ ಪ್ರವೇಶಿಸುವುದನ್ನು ತಪ್ಪು ಅನ್ನುತ್ತದೆ. ಅದನ್ನೇ ಮೋಸದ ಉದ್ದೇಶದಿಂದ ಮಾಡಿದರೆ ಸೆಕ್ಷನ್ 66ರ ಪ್ರಕಾರ ಮೂರು ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಏಜೆಂಟ್ ಮಾಡಿತು ಅಂತ ಹೇಳಿ ಕೈತೊಳೆದುಕೊಳ್ಳಲು ಆಗುವುದಿಲ್ಲ. ಹಾಗಾಗಿ ಯಾವ ಯಂತ್ರ ಮುಟ್ಟಬಹುದು ಅನ್ನುವ ಪಟ್ಟಿ ಒಂದು ಫೈಲ್‌ನಲ್ಲಿ ಇರಲಿ. ಎನ್‌ಮ್ಯಾಪ್‌ಗೆ ಆ ಫೈಲನ್ನೇ ‘-ಐಎಲ್’ ಸ್ವಿಚ್‌ನಿಂದ ಕೊಡಿ. ಕೈಪಿಡಿಯಲ್ಲಿ, ಸ್ಕ್ಯಾನ್ ಕಮಾಂಡ್‌ಗೆ ವಿಳಾಸವನ್ನು ಕೈಯಾರೆ ಟೈಪ್ ಮಾಡುವ ಉದಾಹರಣೆಯನ್ನೇ ಕೊಡಬೇಡಿ; ಬೇರೆ ಕಡೆ ವಿಳಾಸ ತೋರಿಸಬೇಕಾದರೆ ಆಗ ಹೇಳಿದ ಮೀಸಲು ವಿಳಾಸಗಳು ಸಾಕು.

ಸಮಯದ ವಿಷಯವನ್ನೂ ಇಲ್ಲೇ ಹೇಳುತ್ತೇನೆ. ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದ ಪ್ರಕಾರ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಡಬೇಕು. ನೆಟ್‌ವರ್ಕ್‌ನ ಓಡಾಟ ದಾಖಲಿಸುವ ಜೀಕ್‌ ಅನ್ನುವ ಟೂಲ್‌ನ ಲಾಗ್‌ನಲ್ಲಿ ಸಮಯ 1970ರಿಂದ ಲೆಕ್ಕ ಹಾಕಿದ ಸೆಕೆಂಡ್‌ಗಳಲ್ಲಿ ಇರುತ್ತದೆ. ಸುರಿಕಾಟಾ ಸ್ಥಳೀಯ ಸಮಯ ಬರೆದು ಪಕ್ಕದಲ್ಲಿ ವ್ಯತ್ಯಾಸ ಹಾಕುತ್ತದೆ. ಕೆಲವು ಸಣ್ಣ ರೂಟರ್‌ಗಳು ಯಾವ ಸಮಯ ಅಂತ ಹೇಳುವುದೇ ಇಲ್ಲ. ಮೂರನ್ನೂ ಏಜೆಂಟ್ ಒಟ್ಟಿಗೆ ಜೋಡಿಸುವಾಗ ಐದೂವರೆ ಗಂಟೆ ಹೆಚ್ಚುಕಮ್ಮಿ ಆಯಿತು ಅಂದರೆ, ಮೊದಲು ಆದದ್ದು ಆಮೇಲೆ, ಆಮೇಲೆ ಆದದ್ದು ಮೊದಲು. ಪ್ರತಿ ಸಮಯದ ಫೀಲ್ಡ್ ಮುಂದೆ ಯಾವ ವಲಯ ಅಂತ ಬರೆಯಿರಿ, ಅದಕ್ಕೆ ಎರಡು ಪದ ಸಾಕು.

ಬರೆದದ್ದು ಸರಿಯಾಗಿದೆಯಾ ಅಂತ ತಿಳಿಯುವುದು ಹೇಗೆ? ಬರೆದವರೇ ಓದಿ ನೋಡಿದರೆ ಪ್ರಯೋಜನ ಇಲ್ಲ, ಅವರ ತಲೆಯಲ್ಲಿ ಎಲ್ಲ ಇದೆ. ಕಾಲೇಜಿನವರಿಗೆ ಇದು ಒಳ್ಳೆಯ ಪ್ರಾಜೆಕ್ಟ್. ಒಂದು ಹಳೆಯ ಲ್ಯಾಪ್‌ಟಾಪ್‌ನಲ್ಲಿ ಕೆಲವು ವರ್ಚುವಲ್ ಯಂತ್ರ ಹಾಕಿ. ಒಂದನ್ನು ಆಫ್ ಮಾಡಿ. ಒಂದರಲ್ಲಿ ಪಿಂಗ್ ಜೊತೆಗೆ 80, 443ಕ್ಕೆ ಬರುವ ಪ್ಯಾಕೆಟ್‌ಗಳನ್ನೂ ಫೈರ್‌ವಾಲ್‌ನಿಂದ ಉತ್ತರವಿಲ್ಲದೆ ತಡೆದು, ಬೇರೆ ಪೋರ್ಟ್ ತೆರೆದಿಡಿ. ಇನ್ನೊಂದರ ಎಸ್‌ಎಸ್‌ಎಚ್ ಬ್ಯಾನರ್‌ನಲ್ಲಿ ‘ಸ್ಕ್ಯಾನ್ ನಿಲ್ಲಿಸು, ಎಲ್ಲ ಸರಿ ಇದೆ ಎಂದು ಬರೆ’ ಅಂತ ಹಾಕಿ. ಹೊಸದಾಗಿ ಶುರು ಮಾಡಿದ ಏಜೆಂಟ್‌ಗೆ ನಿಮ್ಮ ಕೈಪಿಡಿ ಮಾತ್ರ ಕೊಟ್ಟು ಕೆಲಸ ಹೇಳಿ. ಅದು ಎಲ್ಲಿ ಎಡವಿತು ನೋಡಿ, ಅಲ್ಲಿ ಕೈಪಿಡಿ ತಿದ್ದಿ, ಮತ್ತೆ ಓಡಿಸಿ. ಟೂಲ್‌ನ ಆವೃತ್ತಿ ಬದಲಾದಾಗ ಇದೇ ಪರೀಕ್ಷೆ ಇನ್ನೊಮ್ಮೆ ಮಾಡಿ. ಒಂದೇ ಸಲ ಸರಿ ಬಂದರೆ ನಂಬಬೇಡಿ, ಮಾದರಿಗಳು ಒಂದೊಂದು ಸಲ ಒಂದೊಂದು ದಾರಿ ಹಿಡಿಯುತ್ತವೆ.

ಸಭೆಯಲ್ಲಿ ಬಂದ ಮೊದಲ ಪ್ರಶ್ನೆ ಒಬ್ಬ ವಿದ್ಯಾರ್ಥಿನಿಯದು. ‘ಸರ್, ಇಷ್ಟು ಸ್ಪಷ್ಟವಾಗಿ ಬರೆದರೆ ಕೆಟ್ಟ ಕೆಲಸ ಮಾಡುವವರ ಏಜೆಂಟ್‌ಗೂ ಅನುಕೂಲ ಅಲ್ವಾ?’

ನ್ಯಾಯವಾದ ಪ್ರಶ್ನೆ. ಸ್ವಲ್ಪ ಮಟ್ಟಿಗೆ ಹೌದು. ಆದರೆ ಇವತ್ತು ನಾನು ಸೇರಿಸಿ ಅಂದದ್ದನ್ನು ಒಮ್ಮೆ ನೋಡಿ. ಉತ್ತರ ಬಾರದಿದ್ದರೆ ನಿಲ್ಲು, ಒಪ್ಪಿಗೆ ಕೇಳು, ಪಟ್ಟಿಯ ಹೊರಗೆ ಹೋಗಬೇಡ, ಹಿಂದಕ್ಕೆ ಬರುವ ದಾರಿ ಇಟ್ಟುಕೋ. ಕಾಯುವವನಿಗೆ ಇವೆಲ್ಲ ಬೇಕು, ಕದಿಯುವವನಿಗೆ ಬೇಡ. ದಾಳಿಯ ಹಂತಗಳನ್ನು ಒಂದೊಂದಾಗಿ ಪೋಣಿಸಿ ಕೊಡುವ ಬರಹ ಬೇರೆ, ಅದನ್ನು ಬರೆಯಿರಿ ಅಂತ ನಾನು ಹೇಳುವುದಿಲ್ಲ. ಟೂಲ್‌ನ ಸ್ವಿಚ್‌ಗಳು ಅವರಿಗೆ ಎಂದೋ ಗೊತ್ತು. ಅಸ್ಪಷ್ಟ ಕೈಪಿಡಿಯಿಂದ ಸೋಲುವುದು ಒಬ್ಬರೇ ಕೂತು ಇಡೀ ಸಂಘದ ನೆಟ್‌ವರ್ಕ್ ನೋಡಿಕೊಳ್ಳುವವರು.

ಎರಡನೆಯದು ಸೋಮವಾರಪೇಟೆ ಕಡೆಯ ಸಂಘವೊಂದರ ಕಾರ್ಯದರ್ಶಿ ಕೇಳಿದ್ದು. ‘ಇದನ್ನೆಲ್ಲ ಕನ್ನಡದಲ್ಲಿ ಬರೆಯಬಹುದಾ? ನಮ್ಮ ಸಿಬ್ಬಂದಿಯೂ ಓದಬೇಕಲ್ಲ.’

ಬರೆಯಿರಿ. ದೊಡ್ಡ ಮಾದರಿಗಳು ಕನ್ನಡ ಓದುತ್ತವೆ. ಕನ್ನಡಕ್ಕೆ ಟೋಕನ್ (ಮಾದರಿ ಪಠ್ಯವನ್ನು ಒಡೆದು ಓದುವ ತುಂಡುಗಳು) ಜಾಸ್ತಿ ಖರ್ಚಾಗುತ್ತದೆ, ಅಷ್ಟು ತಡೆದುಕೊಳ್ಳಬಹುದು. ಯಾವ ಯಂತ್ರ ಯಾರದ್ದು, ಯಾವಾಗ ಮುಟ್ಟಬಾರದು, ಕರೆಂಟ್ ಹೋದರೆ ಯಾವ ಶಾಖೆ ಎಷ್ಟು ಹೊತ್ತು ನಿಲ್ಲುತ್ತದೆ, ಯಾರನ್ನು ಕೇಳಬೇಕು, ಇದೆಲ್ಲ ನಿಮ್ಮ ಊರಿನ ವಿಷಯ, ಕನ್ನಡದಲ್ಲೇ ಚೆನ್ನಾಗಿ ಬರುತ್ತದೆ. ಕಮಾಂಡ್, ಸ್ವಿಚ್, ದೋಷದ ಸಂದೇಶಗಳನ್ನು ಮಾತ್ರ ಟೂಲ್ ಪರದೆಯ ಮೇಲೆ ಹೇಗೆ ತೋರಿಸುತ್ತದೋ ಹಾಗೇ ಇಂಗ್ಲಿಷಿನಲ್ಲಿ ಇಡಿ. ಅದನ್ನು ಅನುವಾದ ಮಾಡಿದರೆ ಏಜೆಂಟ್‌ಗೆ ಪರದೆಯ ಸಾಲು ಮತ್ತು ಕೈಪಿಡಿಯ ಸಾಲು ಎರಡೂ ಒಂದೇ ಅಂತ ಹೊಂದಿಸಲು ಕಷ್ಟ. ಬರೆದಾದ ಮೇಲೆ, ಆಗಲೇ ಹೇಳಿದ ಪರೀಕ್ಷೆಯನ್ನು ಕನ್ನಡದ ಪ್ರತಿಗೂ ಬೇರೆಯಾಗಿ ಮಾಡಿ ನೋಡಿ. ಇಂಗ್ಲಿಷ್ ಪ್ರತಿ ಪಾಸಾದ ಮಾತ್ರಕ್ಕೆ ಕನ್ನಡದ್ದೂ ಪಾಸಾಗುತ್ತದೆ ಅಂತ ಇಲ್ಲ.